ನೂರ್ ಇನಾಯತ್ ಖಾನಳ ಜಾತಕ ಕಥೆಗಳು

ಬಂಡೂರೆಂದೊಡನೆ ಕುರಿಯನ್ನು ನೆನೆಯುವವರೇ ಹೆಚ್ಚು. ಕಳೆದ ಬೇಸಿಗೆಯ ರಜೆಯಲ್ಲಿ ಅದೇ ನಮ್ಮೂರಿನ ಮಕ್ಕಳಿಗೆ ನಾನು ಒಂದು ಇಂಗ್ಲಿಷ್ ಪುಸ್ತಕದ ಕಥೆಗಳನ್ನು ಕನ್ನಡದಲ್ಲಿ ಹೇಳತೊಡಗಿದೆನು. ಅದು 1939ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ‘ಇಪ್ಪತ್ತು ಜಾತಕ ಕಥೆಗಳು’. ಕರ್ತೃ ನೂರ್ ಇನಾಯತ್ ಖಾನ್.

ಈಕೆ ಟಿಪ್ಪು ಸುಲ್ತಾನನ ವಂಶದವಳು. ಆ ಸುಲ್ತಾನನ ಸೈನ್ಯ 1799ರಲ್ಲಿ ಇಂಗ್ಲಿಷರಿಗೆ ಸೋತುದು ನಮ್ಮ ಮಳವಳ್ಳಿಯ ಬಳಿಯಲ್ಲಿಯೇ! ತಂದೆ ಬರೋಡದ ಸಂಗೀತಗಾರರೂ ಸೂಫಿ ಗುರುಗಳೂ ಆದ ಇನಾಯತ್ ಖಾನರು. 1914ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ನೂರ್, ಪ್ಯಾರಿಸಿನ ಬಳಿ ಬೆಳೆದು, ಸಂಗೀತವನ್ನೂ ಮಕ್ಕಳ ಮನಶ್ಶಾಸ್ತ್ರವನ್ನೂ ಅಭ್ಯಸಿಸಿದಳು.

ಮಹಾಯುದ್ಧದಲ್ಲಿ ಆಕೆ ಬ್ರಿಟಿಷರ ಗುಪ್ತದಳವನ್ನು ಸೇರಿ, 1943ರ ಜೂನಿನಿಂದ ಪ್ಯಾರಿಸಿನಲ್ಲಿ ನಿಸ್ತಂತು ಸಂದೇಶಗಳನ್ನು ಕಳುಹಿಸುತ್ತಿದ್ದಳು. ಸಂಗಡಿಗರು ಒಬ್ಬೊಬ್ಬರಾಗಿ ಸೆರೆಯಾದರೂ ಹಿಂದಿರುಗಲೊಪ್ಪಲಿಲ್ಲ. ಅಕ್ಟೋಬರಿನಲ್ಲಿ ತಾನೂ ಸಿಕ್ಕಿಬಿದ್ದಳು. ಜರ್ಮನಿಯ ಸೆರೆಮನೆಯಲ್ಲಿ ತಿಂಗಳುಗಟ್ಟಲೆ ಸಂಕೋಲೆ. 1944ರ ಸೆಪ್ಟೆಂಬರ್ 13ರಂದು ದಾಖಾವ್ ಶಿಬಿರದಲ್ಲಿ ಆಕೆಯನ್ನು ಕೊಂದರು. ಆಗ ವಯಸ್ಸು ಮೂವತ್ತು. 1949ರಲ್ಲಿ ಇಂಗ್ಲೆಂಡು ಜಾರ್ಜ್ ಕ್ರಾಸ್ ಪದಕವನ್ನಿತ್ತಿತು.

ಆಕೆಯ ನಿಸ್ತಂತು ಯಂತ್ರವನ್ನು ಕುರಿತು ಬರೆದವರು ಅನೇಕರು. ಪುಸ್ತಕವನ್ನು ಬಿಡಿಸಿ ನೋಡಿದವರು ವಿರಳ. ನನಗೆ ಇದು ಅನ್ಯಾಯವೆಂದೇ ತೋರುತ್ತದೆ. ಕೊಂದವರಿಗೆ ಸಿಕ್ಕದೆ ಉಳಿದುದು ಈ ಪುಸ್ತಕವಲ್ಲವೆ?

ಮೊದಲನೆಯ ಕಥೆ ನಮ್ಮ ಅಧ್ಯಾಪಕರು ಬಲ್ಲ ಮಹಾಕಪಿ ಜಾತಕ. ಬಿಲ್ಲುಗಾರರು ಮರವನ್ನು ಸುತ್ತುವರಿದಾಗ ಕಪಿರಾಜನು ತನ್ನ ಮೈಯನ್ನೇ ಸೇತುವೆಯಾಗಿ ಚಾಚುತ್ತಾನೆ. ಪರಿವಾರವೆಲ್ಲ ಅವನ ಬೆನ್ನನ್ನು ತುಳಿದು ಹೊಳೆ ದಾಟುತ್ತದೆ. ಇಷ್ಟು ಹೇಳಿ ನಿಲ್ಲಿಸಿದೆನು. ಮೂಲೆಯಲ್ಲಿದ್ದ ಹುಡುಗಿಯೊಬ್ಬಳು, “ಆ ರಾಜನ್ನ ಯಾರೂ ದಾಟಿಸ್ನಿಲ್ವಾ ಅಣ್ಣಾ?” ಎಂದಳು.

ನನಗೆ ಕೂಡಲೆ ಮಾತು ಹೊರಡಲಿಲ್ಲ. ಮರುದಿನ ಮಕ್ಕಳು ಅದೇ ಕಥೆಯನ್ನು ಮತ್ತೆ ಹೇಳಿಸಿದರು.