ಹಸುವಿನ ಸೀಸೆ, ನಾಯಿಯ ತೂಕ

ಪ್ರಶ್ನೆ: ನಮ್ಮ ನಾಯಿಗೆ ಮೈತುಂಬ ಉಣ್ಣೆ. ಪಕ್ಕದ ಮನೆಯವರು ಕುರಿಗೆ ತಂದ ಐವರ್‌ಮೆಕ್ಟಿನ್ ಇಂಜೆಕ್ಷನ್ ಉಳಿದಿದೆ, ಒಂದು ಎಂಎಲ್ ಚುಚ್ಚಿದರೆ ಸಾಕು ಅಂತಾರೆ. ನಾಯಿ 12 ಕೆಜಿ ಇದೆ. ಹಾಕಿಸಲಾ ಡಾಕ್ಟ್ರೇ?
— ಓದುಗರು, ಮದ್ದೂರು

ಉತ್ತರ: ಬೇಡ. ಲೆಕ್ಕ ನೋಡಿ. ಆ ಸೀಸೆ ಸಾಮಾನ್ಯವಾಗಿ ಶೇಕಡ 1ರದ್ದು, ಅಂದರೆ ಒಂದು ಎಂಎಲ್‌ನಲ್ಲಿ 10 ಮಿಲಿಗ್ರಾಂ ಮದ್ದು. ದನ, ಕುರಿಗೆ ಕೆಜಿಗೆ 0.2 ಮಿಲಿಗ್ರಾಂ ಸಾಕಾದ್ದರಿಂದ ಒಂದು ಎಂಎಲ್ 50 ಕೆಜಿ ತೂಗುವ ಪ್ರಾಣಿಯ ಪಾಲು. ನಿಮ್ಮ ನಾಯಿಗೆ ಅದನ್ನೇ ಚುಚ್ಚಿದರೆ ನಾಲ್ಕು ಪಟ್ಟು ಹೋದ ಹಾಗಾಯ್ತು. ಕೋಲಿ ಜಾತಿಯ ನಾಯಿಗಳಲ್ಲಿ ಈ ಮದ್ದು ಮಿದುಳಿಗೆ ನುಗ್ಗದಂತೆ ತಡೆಯುವ ವ್ಯವಸ್ಥೆಯೇ ಹಲವಕ್ಕೆ ಇರುವುದಿಲ್ಲ. ಅವಕ್ಕೆ ಇದಕ್ಕಿಂತ ಎಷ್ಟೋ ಕಡಿಮೆ ಹೋದರೂ ಅಪಾಯ. ಬೆರಕೆ ನಾಯಿಯ ಅಜ್ಜ ಯಾರೆಂದು ಯಾರಿಗೆ ಗೊತ್ತು? ಮದ್ದು ಹೆಚ್ಚಾದರೆ ನಾಯಿ ತೂರಾಡುತ್ತದೆ, ಜೊಲ್ಲು ಸುರಿಸುತ್ತದೆ, ಕಣ್ಣು ಕಾಣದಂತಾಗುತ್ತದೆ, ಕೆಲವು ಏಳುವುದೇ ಇಲ್ಲ.

ಇಷ್ಟಾಗಿ ಉಣ್ಣೆ ಇದರಿಂದ ಹೋಗುವುದೂ ಖಾತ್ರಿಯಿಲ್ಲ. ಅದು ಮೊಟ್ಟೆಯಿಡುವುದು ನಾಯಿಯ ಮೈಮೇಲಲ್ಲ, ಗೋಡೆಯ ಬಿರುಕಿನಲ್ಲಿ, ನಾಯಿ ಮಲಗುವ ಗೋಣಿಚೀಲದ ಸುತ್ತಮುತ್ತ. ಚೀಲ ಸುಟ್ಟುಹಾಕಿ, ಬಿರುಕು ಮುಚ್ಚಿಸಿ. ಗದ್ದೆಗೆ ಹೊಡೆಯುವ ಔಷಧಿಯನ್ನು ಮೈಗೆ ಬಳಿಯುವವರೂ ಇದ್ದಾರೆ, ದಯವಿಟ್ಟು ಅದು ಬೇಡ. ದನದ ಆಸ್ಪತ್ರೆಯಲ್ಲಿ ತೂಕ ಹಾಕಿಸಿ, ನಾಯಿಗೆಂದೇ ಬರುವ ಮದ್ದನ್ನು ಚೀಟಿ ಬರೆಸಿ ಕೊಳ್ಳಿ. ಮನೆಯಲ್ಲಿ ಬೆಕ್ಕೂ ಇದ್ದರೆ ಹೇಳಿ: ನಾಯಿಯ ಪರ್ಮೆಥ್ರಿನ್ ಹನಿ ಬೆಕ್ಕಿಗೆ ವಿಷ. ಒಸಡು ಬೆಳ್ಳಗಾಗಿ ಊಟ ಬಿಟ್ಟಿದ್ದರೆ ಉಣ್ಣೆ ಜ್ವರವಿರಬಹುದು, ರಕ್ತ ಪರೀಕ್ಷೆ ಮಾಡಿಸಿ. ಆ ಜ್ವರಕ್ಕೆ ವಾರಗಟ್ಟಲೆ ಮಾತ್ರೆ ಕೊಡಬೇಕಾಗುತ್ತದೆ. ನಾಯಿ ಅನ್ನ ತಿಂದಿತೆಂದು ನಡುವೆ ನಿಲ್ಲಿಸಬೇಡಿ.

ಪ್ರಶ್ನೆ: ಬೆಕ್ಕಿನ ಮೈ ಸುಡುತ್ತಿದೆ. ಮಗುವಿನ ಪ್ಯಾರಸಿಟಮಾಲ್ ಸಿರಪ್ಪನ್ನೇ ಎರಡು ಹನಿ ಕೊಡಬಹುದೆ?
— ಗೃಹಿಣಿ, ಮಂಡ್ಯ

ಉತ್ತರ: ಒಂದು ಹನಿಯೂ ಬೇಡಮ್ಮ. ಬೆಕ್ಕಿನ ಸಹಜ ಮೈಬಿಸಿಯೇ 38ರಿಂದ 39 ಡಿಗ್ರಿ ಸೆಲ್ಸಿಯಸ್. ನಮ್ಮ ಕೈಗೆ ಅದು ಯಾವಾಗಲೂ ಜ್ವರದಂತೆಯೇ. ಪ್ಯಾರಸಿಟಮಾಲ್ ಅರಗಿಸುವ ಶಕ್ತಿ ಅದರ ಪಿತ್ತಜನಕಾಂಗಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ರಕ್ತ ಆಮ್ಲಜನಕ ಒಯ್ಯಲಾರದೆ ಕಂದುಗಟ್ಟುತ್ತದೆ, ಮುಖ, ಪಾದ ಊದುತ್ತವೆ, ಏದುಸಿರು ಬರುತ್ತದೆ. ಒಂದೇ ಮಾತ್ರೆ ಪ್ರಾಣ ತೆಗೆದೀತು. ಈಗಾಗಲೇ ಕೊಟ್ಟಿದ್ದರೆ ಲಕ್ಷಣಕ್ಕೆ ಕಾಯದೆ ಸಿರಪ್ ಬಾಟ್ಲಿಯ ಸಮೇತ ಡಾಕ್ಟರ ಬಳಿ ಓಡಿ. ಅಸಿಟೈಲ್‌ಸಿಸ್ಟೀನ್ ಎಂಬ ಮಾರುಮದ್ದು ಬೇಗ ಕೊಟ್ಟಷ್ಟೂ ಒಳ್ಳೆಯದು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಇನ್ನೊಂದು ವಿಷ ಹಾಕಿದಂತೆ.

ಪ್ರಶ್ನೆ: ಮುದಿ ನಾಯಿ ಕುಂಟುತ್ತಿದೆ. ನನಗೆ ಬರೆದುಕೊಟ್ಟ ಡೈಕ್ಲೊಫೆನಾಕ್ ಮಾತ್ರೆ ಇದೆ, ಹಸುಗೂ ಇದನ್ನೇ ಹಾಕ್ತಿದ್ರಲ್ಲ?
— ರೈತರು, ಮಳವಳ್ಳಿ

ಉತ್ತರ: ಹಾಕುತ್ತಿದ್ದರು, ನಿಜ. 2006ರಲ್ಲಿ ದನಗಳ ಡೈಕ್ಲೊಫೆನಾಕ್ ನಿಷೇಧವಾಯಿತು. ಮದ್ದು ಹಾಕಿದ ದನ ಸತ್ತಾಗ ಅದರ ಮಾಂಸ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತಿದ್ದವು. ನಿಮ್ಮಿಂದ ದೂರವೇನಲ್ಲ, ರಾಮನಗರದ ರಾಮದೇವರ ಬೆಟ್ಟದಲ್ಲಿ 2012ರಿಂದ ರಣಹದ್ದುಗಳ ಅಭಯಾರಣ್ಯವಿದೆ. ಮನುಷ್ಯರ ದೊಡ್ಡ ಸೀಸೆಯನ್ನು ದನಗಳಿಗೆ ಬಳಸುತ್ತಿದ್ದರೆಂದೇ 2015ರಲ್ಲಿ ಅದನ್ನೂ ಒಂದೇ ಡೋಸಿನ 3 ಎಂಎಲ್‌ಗೆ ಇಳಿಸಿದರು. ನಾಯಿಗಂತೂ ಈ ಮಾತ್ರೆಯಿಂದ ಹೊಟ್ಟೆಯಲ್ಲಿ ಹುಣ್ಣಾಗಿ ಕಪ್ಪು ಮಲ ಹೋಗುತ್ತದೆ, ಮೂತ್ರಪಿಂಡವೂ ಹಾಳಾಗಬಹುದು. ನಾಯಿಗೆ ಮೆಲಾಕ್ಸಿಕ್ಯಾಮ್ ಇದೆ, ಆದರೆ ಮುದಿ ನಾಯಿಯ ರಕ್ತ ನೋಡಿ, ತೂಕ ನೋಡಿ, ಊಟದ ಜತೆ ಕೊಡಬೇಕು. ನಡೆಸಿಕೊಂಡು ಬರಲಾಗದಿದ್ದರೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ ಕೇಳಿ.