ಗಿಡ ಕೊಳೆತದ್ದಕ್ಕೂ ನಿಮ್ಮ ಮಡಿಲಿಗೂ ನಂಟಿಲ್ಲ

ಎರಡನೇ ಸಲವೂ ಗರ್ಭ ನಿಲ್ಲದೆ ಹೋದಾಗ, ನಿಮ್ಮ ಮನಸ್ಸಿಗೆ ಒಂದಿಷ್ಟು ಸಮಾಧಾನವಾಗಲಿ ಎಂದು ಯಜಮಾನರು ನರ್ಸರಿಯಿಂದ ಸಕ್ಯುಲೆಂಟ್ ಗಿಡಗಳನ್ನು ತಂದುಕೊಟ್ಟರು. ‘ಇವು ಸಾಯೋ ಗಿಡಗಳೇ ಅಲ್ಲ’ ಎಂದು ಮಾರಿದವರು ಹೇಳಿದ್ದರಂತೆ. ನೀವು ದಿನಾ ಬೆಳಿಗ್ಗೆ ತಪ್ಪದೆ ನೀರು ಹಾಕಿದಿರಿ. ಮಳೆ ಹಿಡಿದ ಮೇಲೆ ಎಚೆವೇರಿಯಾ ಕೊಳೆಯಿತು, ಜೇಡ್ ಗಿಡ ಬುಡದಲ್ಲಿ ಮೆತ್ತಗಾಗಿ ಬಾಗಿ ಬಿತ್ತು. ‘ಒಂದು ಗಿಡಾನೂ ಉಳಿಸಿಕೊಳ್ಳೋಕಾಗಲ್ಲ ನಿನ್ನ ಕೈಲಿ’ ಎಂದು ಓರಗಿತ್ತಿ ಅಂದರು. ಅಂದಿನಿಂದ ಬಾಲ್ಕನಿಯ ಬಾಗಿಲನ್ನೇ ತೆರೆಯುತ್ತಿಲ್ಲ ಎಂದು ಬರೆದಿದ್ದೀರಿ.

ಆ ಮಾತು ಯಾರಿಗಾದರೂ ನೋವು ಕೊಡುವಂಥದ್ದೇ. ಹಸಿ ಗಾಯದ ಮೇಲೆ ಬಿದ್ದಿದ್ದರಿಂದ ನಿಮಗೆ ಇನ್ನಷ್ಟು ನಾಟಿದೆ. ‘ಸಣ್ಣ ವಿಷಯಕ್ಕೆ ಇಷ್ಟು ಅಳುತ್ತೇನಲ್ಲ’ ಎಂದು ನಿಮ್ಮನ್ನು ನೀವೇ ಬೈದುಕೊಂಡಿದ್ದೀರಿ. ಬೈದುಕೊಳ್ಳಬೇಡಿ. ನೀವು ಅತ್ತದ್ದು ಜೇಡ್ ಗಿಡಕ್ಕಾಗಿ ಮಾತ್ರವಲ್ಲ ಎಂಬುದು ನಿಮಗೂ ಗೊತ್ತು.

ಆದರೆ ಎರಡು ಬೇರೆ ಬೇರೆ ಸಂಗತಿಗಳನ್ನು ಆ ಒಂದು ಮಾತು ಗಂಟು ಹಾಕಿಬಿಟ್ಟಿದೆ. ಅದನ್ನು ಬಿಡಿಸಬೇಕು.

ಗಿಡ ಕೊಳೆತದ್ದು ನೀರಿನಿಂದ. ಎಚೆವೇರಿಯಾಗಳ ತವರು ಹೆಚ್ಚಾಗಿ ಮೆಕ್ಸಿಕೋದ ಕಲ್ಲುಬೆಟ್ಟಗಳು, ಜೇಡ್‌ನ ತವರು ದಕ್ಷಿಣ ಆಫ್ರಿಕಾ. ಇವು ಎಲೆಯಲ್ಲೇ ನೀರು ಕೂಡಿಟ್ಟುಕೊಳ್ಳುತ್ತವೆ. ಹಗಲಿನ ಬಿಸಿಲಿಗೆ ಆ ನೀರು ಆರಿಹೋಗದಂತೆ ಎಲೆಯ ರಂಧ್ರಗಳನ್ನು ಮುಖ್ಯವಾಗಿ ರಾತ್ರಿ ಹೊತ್ತು ತೆರೆಯುತ್ತವೆ. ನರ್ಸರಿಯ ಪುಟ್ಟ ಪ್ಲಾಸ್ಟಿಕ್ ಕುಂಡದಲ್ಲಿ ಸಾಮಾನ್ಯವಾಗಿ ಕೊಕೊಪೀಟ್ ಇರುತ್ತದೆ, ಅದು ನೀರು ಹೀರಿಕೊಂಡು ದಿನಗಟ್ಟಲೆ ಒದ್ದೆಯಾಗಿರುತ್ತದೆ. ದಿನವೂ ನೀರು, ಮೇಲೆ ಬೆಂಗಳೂರಿನ ಸೆಪ್ಟೆಂಬರ್ ಮಳೆ. ಬೇರಿಗೆ ಗಾಳಿ ಸಿಗದೆ ಅದು ಕೊಳೆಯಿತು. ಕೆಳಗಿನ ಎಲೆಗಳು ಹಳದಿಯಾಗಿ, ಗಾಜಿನಂತೆ ಪಾರದರ್ಶಕವಾಗಿ, ಮುಟ್ಟಿದರೆ ಕಳಚಿ ಬೀಳುತ್ತಿದ್ದವು ಎಂದಿದ್ದೀರಿ. ನೀರು ಹೆಚ್ಚಾದುದರ ಗುರುತು ಅದೇ. ನಿಮ್ಮ ಅಕ್ಕರೆಯಲ್ಲಿ ಕೊರತೆಯಿರಲಿಲ್ಲ, ಆ ಗಿಡದ ಸ್ವಭಾವವನ್ನು ನಿಮಗೆ ಯಾರೂ ಹೇಳಿರಲಿಲ್ಲ.

ಗರ್ಭದ ಮಾತೇ ಬೇರೆ. ಮೊದಲ ತಿಂಗಳುಗಳಲ್ಲಿ ಆಗುವ ಗರ್ಭಪಾತಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ಕ್ರೋಮೋಸೋಮ್‌ಗಳ ದೋಷ ಕಾರಣ. ಅದು ತಾಯಿಯ ಆರೈಕೆಗೆ, ಕೈಗುಣಕ್ಕೆ ಸಂಬಂಧಿಸಿದ್ದಲ್ಲ. ಇದನ್ನು ಓದುತ್ತಿರುವ, ಇದೇ ನೋವು ಉಂಡಿರುವ ಬೇರೆ ಹೆಣ್ಣುಮಕ್ಕಳೂ ದಯವಿಟ್ಟು ಇದನ್ನು ನಂಬಿ.

ಈಗ ಬಾಗಿಲು ತೆರೆಯಿರಿ. ಉಳಿದ ಹಾವೋರ್ತಿಯಾ ಗಿಡ ಇನ್ನೂ ಹಸಿರಾಗಿದೆ ಎಂದಿರಲ್ಲ, ಮೊದಲು ಅದರ ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ. ಗಿಡವನ್ನು ಮಣ್ಣಿನಿಂದ ಬಿಡಿಸಿ, ಕಪ್ಪಾದ ಬೇರನ್ನು ಶುಚಿಯಾದ ಕತ್ತರಿಯಿಂದ ತೆಗೆದು, ಎರಡು ಮೂರು ದಿನ ನೆರಳಲ್ಲಿ ಒಣಗಲು ಬಿಡಿ. ಆಮೇಲೆ ತೂತಿರುವ ಮಣ್ಣಿನ ಕುಂಡದಲ್ಲಿ ನೆಡಿ. ಕೆಮ್ಮಣ್ಣು ಅರ್ಧ, ಉಳಿದರ್ಧ ದಪ್ಪ ಮರಳು ಮತ್ತು ಇಟ್ಟಿಗೆ ಚೂರು, ಒಂದು ಹಿಡಿ ಗೊಬ್ಬರ ಸಾಕು. ಅದು ತನ್ನ ನಾಡಿನಲ್ಲಿ ಪೊದೆಗಳ ನೆರಳಲ್ಲಿ ಬೆಳೆಯುವ ಗಿಡ, ಮಧ್ಯಾಹ್ನದ ನೇರ ಬಿಸಿಲು ಬೇಡ, ಬೆಳಕಿದ್ದರಾಯಿತು. ಕೆಲವು ದಿನ ಬಿಟ್ಟು ನೀರು ಶುರುಮಾಡಿ. ಮಣ್ಣು ಪೂರ್ತಿ ಒಣಗಿದ ಮೇಲೆಯೇ ಮತ್ತೆ ಹಾಕುವುದು. ಮಳೆಗಾಲದಲ್ಲಿ ಇರಚಲು ಬಡಿಯದ ಕಡೆ ಸರಿಸಿಡಿ.

ಜೇಡ್‌ನ ಗಟ್ಟಿ ರೆಂಬೆ ಉಳಿದಿದ್ದರೆ ಅದನ್ನೂ ಹೀಗೇ ಒಣಗಿಸಿ ನೆಡಬಹುದು. ಆದರೆ ಒಂದು ಮಾತು ಕೊಡಿ: ಚಿಗುರಿದರೆ ಶುಭ, ಚಿಗುರದಿದ್ದರೆ ಅಶುಭ ಎಂದು ಎಣಿಸಬಾರದು. ಬೇರು ಬಿಡದೆ ಒಣಗುವ ರೆಂಬೆಗಳು ಪಳಗಿದ ಕೈಗಳಲ್ಲೂ ಇರುತ್ತವೆ. ಬೆಳಿಗ್ಗೆ ಏನಾದರೂ ಮಾಡಲೇಬೇಕೆನಿಸಿದರೆ ಒಂದು ದೊಡ್ಡಪತ್ರೆ ಕಡ್ಡಿ ನೆಡಿ. ಅದರ ಚಿಗುರು ಚಿವುಟಬಹುದು, ತಂಬುಳಿಗೂ ಆಗುತ್ತದೆ.

ಓರಗಿತ್ತಿಯವರು ಕೆಟ್ಟ ಮನಸ್ಸಿನಿಂದ ಅಂದಿರಲಿಕ್ಕಿಲ್ಲ, ಯೋಚಿಸದೆ ಬಂದ ಮಾತಿರಬಹುದು. ಹಾಗೆಂದು ನುಂಗಿಕೊಂಡೇ ಇರಬೇಕಿಲ್ಲ. ಜನ ಇಲ್ಲದಾಗ, ‘ಅಕ್ಕ, ಅವತ್ತಿನ ಮಾತಿನಿಂದ ನನಗೆ ತುಂಬಾ ನೋವಾಯಿತು, ಇನ್ನೊಮ್ಮೆ ಹಾಗೆ ಅನ್ನಬೇಡಿ’ ಎಂದಷ್ಟೇ ಹೇಳಿ. ವಾದಕ್ಕೆ ಇಳಿಯಬೇಡಿ.

ನಿಮ್ಮ ಪತ್ರದಲ್ಲಿ ಯಜಮಾನರ ದುಃಖದ ಸುದ್ದಿಯೇ ಇಲ್ಲ. ಅವರು ಗಿಡ ತಂದುಕೊಟ್ಟು ಸುಮ್ಮನಾದರು, ನೀವು ನೀರು ಹಾಕುತ್ತಾ ಸುಮ್ಮನಾದಿರಿ. ಕುಂಡ ಬದಲಿಸುವಾಗ ಅವರನ್ನೂ ಕರೆಯಿರಿ, ಕೈ ಮಣ್ಣಾಗಿರುವಾಗ ಕೆಲವು ಮಾತು ಸುಲಭವಾಗಿ ಬರುತ್ತವೆ. ಎರಡು ಬಾರಿ ಹೀಗಾದ ಮೇಲೆ ಕಾರಣ ಹುಡುಕುವ ಪರೀಕ್ಷೆಗಳಿವೆ, ಅವುಗಳಲ್ಲಿ ಗಂಡನಿಗೂ ಮಾಡುವಂಥವಿವೆ. ಸ್ತ್ರೀರೋಗ ತಜ್ಞರನ್ನು ಇಬ್ಬರೂ ಜೊತೆಯಾಗಿ ಕಾಣಿ.

ನಿದ್ದೆ, ಊಟ ಎರಡೂ ತಪ್ಪಿವೆ ಎಂದು ಕೊನೆಯ ಸಾಲಿನಲ್ಲಿ ಬರೆದಿದ್ದೀರಿ. ಅದನ್ನು ಹಾಗೇ ಬಿಡಬಾರದು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಹಣ ಕೊಡಬೇಕಿಲ್ಲ. ಮನೆಯವರ ಮುಂದೆ ಬಾಯಿಗೆ ಬಾರದ ಮಾತನ್ನು ಅಲ್ಲಿ ಕನ್ನಡದಲ್ಲೇ ಹೇಳಿಕೊಳ್ಳಬಹುದು. ಈ ವಾರವೇ ಕರೆ ಮಾಡಿ.