ಕಾರ್ಪೆಟ್ ಕೊಳ್ಳುವ ಮುನ್ನ ಮಗುಚಿ ನೋಡಿ

ಪ್ರಶ್ನೆ: ಹೊಸ ಮನೆಯ ಹಾಲ್‌ಗೆಂದು ಆರಡಿ ಉದ್ದ, ನಾಲ್ಕಡಿ ಅಗಲದ ಉಣ್ಣೆಯ ಕಾರ್ಪೆಟ್ ನೋಡಲು ಹೋಗಿದ್ದೆವು. ಹೆಚ್ಚುಕಡಿಮೆ ಒಂದೇ ಥರ ಕಾಣುವ ಎರಡರಲ್ಲಿ ಒಂದಕ್ಕೆ 9 ಸಾವಿರ, ಇನ್ನೊಂದಕ್ಕೆ 70 ಸಾವಿರ ಹೇಳಿದರು. ಎರಡೂ ಭದೋಹಿಯದ್ದೇ, ಎರಡೂ ಕೈಯಲ್ಲೇ ಮಾಡಿದ್ದಂತೆ. ಇಷ್ಟೊಂದು ಅಂತರ ಯಾಕೆ? ನಾವು ಯಾವುದನ್ನು ತರಬೇಕು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಅಂಗಡಿಯವರು ಸುಳ್ಳು ಹೇಳಿಲ್ಲ. ಪೂರ್ತಿ ಹೇಳಿಲ್ಲ, ಅಷ್ಟೆ. ಉತ್ತರ ಪ್ರದೇಶದ ಭದೋಹಿ–ಮಿರ್ಜಾಪುರ ಸೀಮೆಯಲ್ಲಿ ಗಂಟು ಹಾಕಿ ನೇಯ್ದ ಕಾರ್ಪೆಟ್ಟೂ ತಯಾರಾಗುತ್ತದೆ, ಗನ್ ಹಿಡಿದು ನೂಲು ತೂರಿಸಿದ ಕಾರ್ಪೆಟ್ಟೂ ತಯಾರಾಗುತ್ತದೆ. ವ್ಯಾಪಾರಿಗಳ ಬಾಯಲ್ಲಿ ಮೊದಲನೆಯದು ‘ನಾಟೆಡ್’, ಎರಡನೆಯದು ‘ಟಫ್ಟೆಡ್’. ಗನ್ ಹಿಡಿಯುವುದೂ ಮನುಷ್ಯನ ಕೈಯೇ ಆದ್ದರಿಂದ ಎರಡಕ್ಕೂ ‘ಹ್ಯಾಂಡ್‌ಮೇಡ್’ ಚೀಟಿ ಅಂಟಿಸಲು ಅಡ್ಡಿಯಿಲ್ಲ.

ಮುಂದಿನ ಸಲ ಹೋದಾಗ ಮೂಲೆ ಹಿಡಿದು ಮಗುಚಿ ನೋಡಿ. ಬೆನ್ನಿಗೆ ದಪ್ಪ ಬಟ್ಟೆ ಅಂಟಿಸಿ ಎಲ್ಲವನ್ನೂ ಮುಚ್ಚಿದ್ದರೆ ಅದು ಟಫ್ಟೆಡ್. ಚೌಕಟ್ಟಿಗೆ ಬಿಗಿದ ಬಟ್ಟೆಯೊಳಗೆ ನೂಲನ್ನು ತೂರಿಸುತ್ತಾ ಹೋಗುತ್ತಾರೆ. ಆ ನೂಲನ್ನು ಹಿಡಿದಿಡಲು ಗಂಟೆಂಬುದೇ ಇಲ್ಲ. ಹಿಂದಿನಿಂದ ಬಳಿದ ಲ್ಯಾಟೆಕ್ಸ್ ಅಂಟೇ ಆಧಾರ. ತುದಿಯ ಕುಚ್ಚನ್ನು ಆಮೇಲೆ ಹೊಲಿದಿರುತ್ತಾರೆ. ಗಂಟಿನ ಕಾರ್ಪೆಟ್‌ನಲ್ಲಾದರೆ ಮುಂದಿನ ಹೂವು, ಬಳ್ಳಿ ಎಲ್ಲ ಹಿಂದೆಯೂ ಸ್ಪಷ್ಟವಾಗಿ ಮೂಡಿರುತ್ತದೆ. ಬೆರಳಾಡಿಸಿದರೆ ಸಾಸಿವೆಯಂಥ ಗಂಟುಗಳು ಸಾಲಾಗಿ ಸಿಗುತ್ತವೆ. ಅದರ ಕುಚ್ಚು ಹೊಲಿದದ್ದಲ್ಲ, ಮಗ್ಗದ ಹಾಸುನೂಲಿನ ತುದಿಯೇ ಹೊರಗೆ ಉಳಿದದ್ದು. ಮಷೀನ್ ಕಾರ್ಪೆಟ್‌ನ ಹಿಂಬದಿಯಲ್ಲೂ ಚಿತ್ತಾರ ಕಾಣುವುದುಂಟು. ಆದರೆ ಅಲ್ಲಿ ಗೆರೆಗಳು ತೀರಾ ನೇರ. ಕೈನೇಯ್ಗೆಯಲ್ಲಿ ಅಲ್ಲಲ್ಲಿ ಒಂದಿಷ್ಟು ಸೊಟ್ಟ ಇದ್ದೇ ಇರುತ್ತದೆ.

ಬೆಲೆಯ ವಿಷಯಕ್ಕೆ ಬರೋಣ. ನೀವು ಹೇಳಿದ ಅಳತೆಯೆಂದರೆ 24 ಚದರಡಿ, ಅಂದರೆ 3,456 ಚದರ ಇಂಚು. ಚದರ ಇಂಚಿಗೆ 100 ಗಂಟಿನ ಸಾಧಾರಣ ನೇಯ್ಗೆ ಎಂದುಕೊಂಡರೂ ಮೂರೂವರೆ ಲಕ್ಷದ ಹತ್ತಿರ ಗಂಟುಗಳು. ನುರಿತವರು ದಿನಕ್ಕೆ ಎಂಟು ಸಾವಿರ ಹಾಕಿದರೂ ಒಬ್ಬರೇ ಕೂತು ಮುಗಿಸಲು 40 ದಿನ ದಾಟುತ್ತದೆ. ಕಾಶ್ಮೀರದ ರೇಷ್ಮೆ ಕಾರ್ಪೆಟ್ ಇಂಚಿಗೆ 324 ಗಂಟಿನದಾದರೆ ಲೆಕ್ಕ ನಾಲ್ಕೂವರೆ ತಿಂಗಳಿಗೆ ಹೋಗುತ್ತದೆ. ಅಲ್ಲಿನ ಮಗ್ಗಗಳಲ್ಲಿ ಯಾವ ಬಣ್ಣದ ಎಷ್ಟು ಗಂಟು ಎಂಬುದನ್ನು ಸಂಕೇತಗಳಲ್ಲಿ ಬರೆದ ‘ತಾಲೀಮ್’ ಚೀಟಿ ಇರುತ್ತದೆ. ಒಬ್ಬರು ರಾಗವಾಗಿ ಓದುತ್ತಾ ಹೋದ ಹಾಗೆ ಉಳಿದವರ ಬೆರಳು ಓಡುವುದೂ ಉಂಟು. ಗನ್‌ನವರಿಗಾದರೋ ಇದೇ ಅಳತೆಗೆ ಕೆಲವೇ ದಿನ ಸಾಕು. ನಿಮ್ಮ 70 ಸಾವಿರದಲ್ಲಿ ಉಣ್ಣೆ ಮತ್ತು ಅಂಗಡಿಯ ಲಾಭದ ಜೊತೆಗೆ ಇಷ್ಟೊಂದು ದಿನಗಳ ಕೂಲಿಯೂ ಸೇರಿದೆ.

ಬಾಳಿಕೆಯಲ್ಲೂ ಹೋಲಿಕೆಯೇ ಇಲ್ಲ. ಸೈಬೀರಿಯಾದ ಪಜಿರಿಕ್ ಕಣಿವೆಯ ಹಿಮಗಟ್ಟಿದ ಸಮಾಧಿಯೊಂದರಲ್ಲಿ 1949ರಲ್ಲಿ ಸಿಕ್ಕ ಕಾರ್ಪೆಟ್‌ಗೆ ಹೆಚ್ಚುಕಡಿಮೆ 2,400 ವರ್ಷ. ಅದೂ ಗಂಟಿನದೇ, ಅದರಲ್ಲೂ ಚದರ ಇಂಚಿಗೆ 230ರ ಆಸುಪಾಸು! ಇಷ್ಟು ಕಾಲ ಉಳಿಯಲು ಹಿಮವೇ ಕಾರಣ, ನಿಜ. ಆದರೆ ಅಂಟಿನ ಕಾರ್ಪೆಟ್ ನಮ್ಮ ಸೆಖೆಯಲ್ಲಿ ಹತ್ತು ವರ್ಷ ಕಳೆಯುವುದೇ ಕಷ್ಟ. ಲ್ಯಾಟೆಕ್ಸ್ ಒಣಗಿ ಹಿಟ್ಟಾಗಿ ನೆಲದ ಮೇಲೆ ಉದುರುತ್ತದೆ. ಒದ್ದೆಯಾದರೆ ನಾತ ಬೇರೆ.

ಅಂದಮಾತ್ರಕ್ಕೆ 70 ಸಾವಿರದ್ದನ್ನೇ ತನ್ನಿ ಎನ್ನುತ್ತಿಲ್ಲ. ನಮ್ಮ ಮನೆಗಳಲ್ಲಿ ದಿನಾ ನೆಲ ಒರೆಸುತ್ತೇವೆ, ಬರಿಗಾಲಲ್ಲಿ ಓಡಾಡುತ್ತೇವೆ, ಕಿಟಕಿಯಿಂದ ಧೂಳು ಧಾರಾಳ. ಉಣ್ಣೆಯ ಕಾರ್ಪೆಟ್ ಇದೆಲ್ಲವನ್ನೂ ಹೀರಿಕೊಳ್ಳುತ್ತದೆ. ಸೋಫಾದ ಅಡಿಯ ಕತ್ತಲಲ್ಲಿ ನುಸಿಯ ಮರಿಹುಳು ಸದ್ದಿಲ್ಲದೆ ಉಣ್ಣೆ ತಿನ್ನುತ್ತದೆ. ಆಗಾಗ ಎತ್ತಿ ಬಿಸಿಲಿಗೆ ಹಾಕಬೇಕು, ವ್ಯಾಕ್ಯೂಮ್ ಹಿಡಿಯಬೇಕು, ತೆಗೆದಿಡುವಾಗ ಮಡಚದೆ ಸುರುಳಿ ಸುತ್ತಬೇಕು. ಇದಕ್ಕೆಲ್ಲ ಪುರಸೊತ್ತು ಇದ್ದವರಿಗೆ ಮಾತ್ರ ಅದು ಸರಿ.

ಇಲ್ಲವೆಂದಾದರೆ ಜಮಖಾನೆಯ ಕಡೆ ನೋಡಬಾರದೇಕೆ? ನಿಮ್ಮೂರಿನಿಂದ ನವಲಗುಂದ ತೀರಾ ದೂರವೇನಲ್ಲ. ಅಲ್ಲಿನ ಮುಸ್ಲಿಂ ಕುಟುಂಬಗಳ ಹೆಣ್ಣುಮಕ್ಕಳು ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕೂತು ಹತ್ತಿಯ ನೂಲಿನಲ್ಲಿ ಪಗಡೆ, ನವಿಲುಗಳನ್ನು ನೇಯುತ್ತಾರೆ. ಹೊಕ್ಕುನೂಲನ್ನು ಕೈಯಲ್ಲೇ ಪೋಣಿಸಿ, ಪಂಜದಂಥ ಕಬ್ಬಿಣದ ಹಣಿಗೆಯಿಂದ ಬಡಿದು ಬಿಗಿ ಮಾಡುತ್ತಾರೆ. ಹಾಸುನೂಲು ಕಾಣದಷ್ಟು ಒತ್ತು! ಗಂಟಿಲ್ಲ, ಅಂಟಿಲ್ಲ, ಧೂಳು ಕೂರಲು ಜುಂಗಿಲ್ಲ. ಕೊಡವಿದರೆ ಆಯಿತು. ಜಿಐ ಮಾನ್ಯತೆ ಇದೆ, ನೇಯುವವರು ಮಾತ್ರ ಬೆರಳೆಣಿಕೆಯಷ್ಟು ಮಂದಿ. ಹಾಗಾಗಿ ಕೇಳಿದ ದಿನವೇ ಸಿಗದೆ ಹೋಗಬಹುದು, ಹೇಳಿ ಮಾಡಿಸಿಕೊಳ್ಳಬೇಕಾಗಬಹುದು. ಮದುವೆ ಮನೆಗಳಲ್ಲಿ ಹಾಸುವ ಪಟ್ಟೆಪಟ್ಟೆಯ ಜಮಖಾನೆ ಬೇರೆ, ಅದಕ್ಕೆ ತಮಿಳುನಾಡಿನ ಭವಾನಿ ಹೆಸರುವಾಸಿ. ಅದು ಅಗ್ಗ, ಗಟ್ಟಿ, ಆದರೆ ಹಾಲ್‌ಗೆ ನವಲಗುಂದದ ಕಳೆ ಕೊಡದು.

ನನ್ನ ಮತ ಜಮಖಾನೆಗೇ. ಉಣ್ಣೆಯದ್ದೇ ಬೇಕೆಂಬ ಹಟವಿದ್ದರೆ 9 ಸಾವಿರದ್ದನ್ನು ಬಿಟ್ಟು, ಗಂಟಿನದ್ದನ್ನೇ ಮೂರಡಿ–ಎರಡಡಿಯ ಚಿಕ್ಕ ಅಳತೆಯಲ್ಲಿ ತನ್ನಿ. ಕೊಳ್ಳುವ ಮುನ್ನ ಒಂದೆಳೆ ನೂಲು ಕೇಳಿ ಪಡೆದು ಹೊರಗೆ ಸುಟ್ಟು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾಗುತ್ತದೆ, ಪ್ಲಾಸ್ಟಿಕ್ ಆದರೆ ಕರಗಿ ಗಟ್ಟಿ ಗುಂಡಾಗುತ್ತದೆ, ರೇಷ್ಮೆಯ ಹೆಸರಲ್ಲಿ ಮಾರುವ ವಿಸ್ಕೋಸ್ ಆದರೆ ಕಾಗದ ಸುಟ್ಟಂತೆ ನಾರುತ್ತದೆ. ಬಿಲ್‌ನಲ್ಲಿ ‘ಹ್ಯಾಂಡ್‌ ನಾಟೆಡ್’ ಎಂದೇ ಬರೆಸಿಕೊಳ್ಳಿ. ‘ಹ್ಯಾಂಡ್‌ಮೇಡ್’ ಎಂದಷ್ಟೇ ಬರೆಯುತ್ತೇವೆ ಎಂದರೆ ದುಡ್ಡು ಕೊಡಬೇಡಿ.